ಇರುಳುಗಣ್ಣೂ ಎ ಅನ್ನಾಂಗದ ದ್ರವೌಷಧವೂ

ಹಗಲಿನಲ್ಲಿ ಚೆನ್ನಾಗಿ ಕಾಣುವ ಮಗುವು ಸಂಜೆಯಾದೊಡನೆ ಹೊಸ್ತಿಲನ್ನು ಎಡವುವುದು, ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡವಿ ಹುಡುಕುವುದು, ಇವು ಇರುಳುಗಣ್ಣಿನ ಲಕ್ಷಣಗಳು. ಸಂಸ್ಕೃತ ವೈದ್ಯಗ್ರಂಥಕಾರರು ಇದನ್ನೇ ನಕ್ತಾಂಧ್ಯವೆಂದು ಕರೆದಿದ್ದಾರೆ. ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣವು ಆಹಾರದಲ್ಲಿ ಎ ಅನ್ನಾಂಗದ ಕೊರತೆ. ವಿಟಮಿನ್ ಎಂಬ ಶಬ್ದಕ್ಕೆ ಅನ್ನಾಂಗವೆಂದೂ ಜೀವಸತ್ವವೆಂದೂ ಕನ್ನಡದಲ್ಲಿ ಎರಡು ಹೆಸರುಗಳುಂಟು. ಅನ್ನದ ಒಂದು ಅಂಗವೆಂಬ ಅರ್ಥವು ಪ್ರಕೃತ ವಿಷಯಕ್ಕೆ ಹೆಚ್ಚು ಒಪ್ಪುವುದರಿಂದ ಮೊದಲನೆಯದನ್ನೇ ಇಲ್ಲಿ ಬಳಸಿದೆ. ಈ ಕೊರತೆಯನ್ನು ನೀಗಲು ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಲ್ಲಿಯೂ ದೇಶದ ಉಳಿದೆಡೆಗಳಲ್ಲಿರುವಂತೆಯೇ ಐದು ವರ್ಷದೊಳಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಒಂದು ಚಮಚ ದ್ರವೌಷಧವನ್ನು ಕುಡಿಸುವ ಏರ್ಪಾಡಿದೆ. ಆ ದ್ರವದ ಸ್ವರೂಪವೇನು, ಅದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ಪೂರ್ವಿಕರ ಚಿಕಿತ್ಸೆ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ನಕ್ತಾಂಧ್ಯಕ್ಕೆ ಆಡಿನ ಯಕೃತ್ತನ್ನು ಹಿಪ್ಪಲಿಯೊಡನೆ ಪಕ್ವಮಾಡಿ ಉಪಯೋಗಿಸಬೇಕೆಂದು ವಿಧಿಸಿದೆ. ಯಕೃತ್ತೇ ಪ್ರಾಣಿಶರೀರದಲ್ಲಿ ಎ ಅನ್ನಾಂಗದ ಉಗ್ರಾಣವೆಂಬುದು ಈಗ ಸಿದ್ಧವಾಗಿರುವ ಸಂಗತಿ. ಕಾರಣವು ತಿಳಿಯದಿದ್ದ ಕಾಲದಲ್ಲಿಯೂ ಫಲವನ್ನು ಕಂಡು ಯೋಗವನ್ನು ನಿರ್ಣಯಿಸಿದ್ದ ಆ ಪ್ರಾಚೀನರ ಅವಲೋಕನವು ಮೆಚ್ಚತಕ್ಕದ್ದೇ ಸರಿ.

ಆದರೆ ಈ ಸೀಮೆಯ ವೈದ್ಯಚರಿತ್ರೆಯಲ್ಲಿ ಇದಕ್ಕೆ ಪ್ರತಿಪಕ್ಷವೂ ಉಂಟು. ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನಾಚಾರ್ಯ ಉಗ್ರಾದಿತ್ಯನು ಔಷಧದಲ್ಲಿಯೂ ಮಾಂಸವು ಸಲ್ಲದೆಂದು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದನೆಂದು ಆ ಗ್ರಂಥದ ಕೊನೆಯ ಭಾಗದಿಂದ ತಿಳಿದುಬರುತ್ತದೆ. ಈ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷನೆಂದು ವಿದ್ವಾಂಸರು ಗ್ರಹಿಸಿದ್ದಾರೆ. ಆತನ ರಾಜಧಾನಿಯಾದ ಮಾನ್ಯಖೇಟವೇ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡ. ಯಕೃತ್ತನ್ನು ತಿನ್ನದವನಿಗೆ ಗತಿಯೇನೆಂಬ ಪ್ರಶ್ನೆಗೆ ಆಧುನಿಕ ಶಾಸ್ತ್ರವು ಉತ್ತರ ಕೊಟ್ಟಿದೆ. ಸೊಪ್ಪುಗಳಲ್ಲಿಯೂ ಹಳದಿ ಹಣ್ಣುಗಳಲ್ಲಿಯೂ ಇರುವ ಕ್ಯಾರೊಟೀನ್ ಎಂಬ ವರ್ಣದ್ರವ್ಯವು ಶರೀರದೊಳಗೆ ಎ ಅನ್ನಾಂಗವಾಗಿ ಪರಿಣಮಿಸುತ್ತದೆಂದು ೧೯೩೦ರಲ್ಲಿ ಮೂರ್ ಎಂಬ ಆಂಗ್ಲ ವಿಜ್ಞಾನಿಯು ತೋರಿಸಿದನು. ಹಾಲು, ಬೆಣ್ಣೆ, ತುಪ್ಪಗಳಲ್ಲಿಯಾದರೋ ಈ ಅನ್ನಾಂಗವು ಸಿದ್ಧರೂಪದಲ್ಲಿಯೇ ಇದೆ.

೨. ಅನ್ನಾಂಗದ ಕಾರ್ಯ

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಮಂದವಾದ ಬೆಳಕನ್ನು ಗ್ರಹಿಸುವ ಒಂದು ವರ್ಣದ್ರವ್ಯವಿದೆ. ಅದು ಬೆಳಕು ತಾಗಿದಾಗ ಒಡೆಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕೂಡಿಕೊಳ್ಳಲು ಎ ಅನ್ನಾಂಗವು ಬೇಕು. ಅದು ಸಾಲದೆ ಹೋದರೆ ಮೊದಲು ಇರುಳಿನ ನೋಟವು ಕೆಡುತ್ತದೆ. ಕೊರತೆಯು ಮುಂದುವರಿದರೆ ಕಣ್ಣಿನ ಬಿಳಿಭಾಗವು ಒಣಗಿ, ಅಲ್ಲಿ ನೊರೆಯಂತಹ ಬೂದು ಮಚ್ಚೆಗಳು ಏಳುತ್ತವೆ. ಕೊನೆಗೆ ಕರಿಯ ಗುಡ್ಡೆಯ ಮೇಲಣ ಪಾರದರ್ಶಕವಾದ ಪೊರೆಯೇ ಮೆತ್ತಗಾಗಿ ಕರಗಿ, ಮಗುವು ಶಾಶ್ವತವಾಗಿ ಕುರುಡಾಗುತ್ತದೆ. ಮೊದಲಿನ ಅವಸ್ಥೆಗಳು ಔಷಧದಿಂದ ಹಿಂತಿರುಗುವಂಥವು, ಕೊನೆಯದು ಹಿಂತಿರುಗದು. ಆದುದರಿಂದಲೇ ಸಂಜೆಯ ಮಬ್ಬನ್ನು ತಾಯಂದಿರು ಅಲಕ್ಷ್ಯಮಾಡದೆ ಕೂಡಲೇ ಮಗುವನ್ನು ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಗುಣವು ಗಮನಾರ್ಹವಾದುದು. ಈ ಅನ್ನಾಂಗವು ನೀರಿನಲ್ಲಿ ಕರಗದು, ಸ್ನೇಹದಲ್ಲಿ ಮಾತ್ರ ಕರಗುತ್ತದೆ. ಒಮ್ಮೆ ಹೆಚ್ಚಾಗಿ ಕೊಟ್ಟರೆ ಯಕೃತ್ತಿನಲ್ಲಿ ಸಂಚಿತವಾಗಿ ನಾಲ್ಕಾರು ತಿಂಗಳ ವೆಚ್ಚಕ್ಕೆ ಒದಗುತ್ತದೆ. ಆರು ತಿಂಗಳಿಗೊಮ್ಮೆ ಕೊಡುವ ಪದ್ಧತಿಗೆ ಇದೇ ಆಧಾರ.

೩. ಪದ್ಧತಿಯು ಬಂದ ಬಗೆ

೧೯೧೮ರಲ್ಲಿ ಮೆಕ್‌ಕ್ಯಾರಿಸನ್ನನು ಕೂನೂರಿನಲ್ಲಿ ಪ್ರಾರಂಭಿಸಿದ ಆಹಾರಸಂಶೋಧನೆಯ ಸಂಸ್ಥೆಯು ೧೯೫೮ರಲ್ಲಿ ಹೈದರಾಬಾದಿಗೆ ಬಂದು, ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ೧೯೫೬ರವರೆಗೆ ಚಿತ್ತಾಪುರವೂ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದಿತೆಂಬುದನ್ನು ವಾಚಕರು ಬಲ್ಲರು. ಈ ಸಂಸ್ಥೆಯವರು ಹಳ್ಳಿಗಳ ಎಳೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಎ ಅನ್ನಾಂಗವನ್ನು ದೊಡ್ಡ ಪ್ರಮಾಣದಲ್ಲಿ ಕುಡಿಸಿ, ನೇತ್ರಲಕ್ಷಣಗಳು ಬಹುಮಟ್ಟಿಗೆ ತಗ್ಗುವುದನ್ನು ಕಂಡರು. ಅದರ ಮೇಲೆ ೧೯೭೦ರಲ್ಲಿ ಕೇಂದ್ರ ಸರಕಾರವು ಅಂಧತ್ವನಿವಾರಣೆಗಾಗಿ ಈ ಕಾರ್ಯಕ್ರಮವನ್ನು ಆರಂಭಿಸಿತು.

೪. ಮಾತ್ರಾವಿಚಾರ

ಔಷಧದ ಪ್ರಮಾಣಕ್ಕೆ ಶಾಸ್ತ್ರದಲ್ಲಿ ಮಾತ್ರೆಯೆಂದು ಹೆಸರು. ಈ ದ್ರವದ ವಿಷಯದಲ್ಲಿ ಮಾತ್ರೆಯೇ ಸರ್ವಸ್ವ. ಒಂದು ಮಿಲಿಲೀಟರಿನಲ್ಲಿ ೧,೦೦,೦೦೦ ಅಂತಾರಾಷ್ಟ್ರೀಯ ಮಾನಗಳಷ್ಟು ಅನ್ನಾಂಗವಿರುತ್ತದೆ. ಒಂಬತ್ತನೆಯ ತಿಂಗಳು ತುಂಬಿದ ಮಗುವಿಗೆ ದಡಾರದ ಚುಚ್ಚುಮದ್ದಿನೊಡನೆ ೧ ಮಿಲಿಲೀಟರು. ಒಂದೂವರೆ ವರ್ಷಕ್ಕೆ ೨ ಮಿಲಿಲೀಟರು. ಅಲ್ಲಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಅಷ್ಟೇ. ಒಟ್ಟು ಒಂಬತ್ತು ಸಲ. ಸೀಸೆಯೊಡನೆ ಬರುವ ಚಮಚದಿಂದಲೇ ಅಳೆಯಬೇಕು. ಬೆಳಕು ತಾಗಿದರೆ ಸತ್ವವು ಕುಂದುವುದರಿಂದ ಸೀಸೆಯನ್ನು ಕತ್ತಲಿನಲ್ಲಿಡಬೇಕು. ಕೊಟ್ಟ ದಿನವನ್ನು ತಾಯಿ ಕಾರ್ಡಿನಲ್ಲಿ ತಪ್ಪದೆ ಬರೆಸಬೇಕು. ಇಲ್ಲವಾದರೆ ಒಂದೇ ಮಗುವಿಗೆ ಎರಡು ಸಲ ಕುಡಿಸುವ ಅಪಾಯವುಂಟು.

ನೀರಿನಲ್ಲಿ ಕರಗುವ ಅನ್ನಾಂಗಗಳಲ್ಲಿ ಹೆಚ್ಚಾದ ಭಾಗವು ಬಹುಮಟ್ಟಿಗೆ ಮೂತ್ರದಲ್ಲಿ ಹೊರಟುಹೋಗುತ್ತದೆ, ಇದು ಹಾಗಲ್ಲ. ಅಧಿಕವಾದುದು ದೇಹದಲ್ಲಿಯೇ ನಿಂತು ವಾಂತಿ, ತಲೆನೋವು, ಯಕೃತ್ತಿನ ಬಾಧೆಗಳನ್ನುಂಟುಮಾಡುತ್ತದೆ. ೨೦೦೧ರಲ್ಲಿ ಅಸ್ಸಾಮಿನಲ್ಲಿ ವಾಡಿಕೆಯ ೨ ಮಿಲಿಲೀಟರಿನ ಚಮಚದ ಬದಲು ೫ ಮಿಲಿಲೀಟರಿನ ಬಟ್ಟಲನ್ನು ಕೊಟ್ಟಾಗ ಅನೇಕ ಮಕ್ಕಳು ಅಸ್ವಸ್ಥರಾದರು. ಕೆಲವರು ತೀರಿಹೋದ ವರದಿಗಳೂ ಬಂದು, ಕಾರಣವನ್ನು ಕುರಿತು ದೊಡ್ಡ ವಿವಾದವೆದ್ದಿತು. ಗರ್ಭಿಣಿಯರಿಗಂತೂ ಈ ದೊಡ್ಡ ಮಾತ್ರೆಯು ಸರ್ವಥಾ ವರ್ಜ್ಯ. ಅದರಿಂದ ಭ್ರೂಣದ ಅಂಗಗಳು ವಿಕೃತವಾಗಬಹುದು.

೫. ಶಂಕೆ ಮತ್ತು ಸಮಾಧಾನ

ಇದು ಮೀನಿನ ಎಣ್ಣೆಯಲ್ಲವೇ, ಸಸ್ಯಾಹಾರಿಗಳಿಗೆ ಸಲ್ಲುವುದೇ ಎಂಬುದು ಮೊದಲನೆಯ ಶಂಕೆ. ಹಿಂದೆ ಮೀನಿನ ಯಕೃತ್ತಿನಿಂದಲೇ ಇದನ್ನು ತೆಗೆಯುತ್ತಿದ್ದರೆಂಬುದು ನಿಜ. ಈಗಲಾದರೋ ಔಷಧಕ್ಕೆ ಬೇಕಾದ ಅನ್ನಾಂಗವನ್ನು ಬಹುತರ ರಸಾಯನಕ್ರಿಯೆಯಿಂದಲೇ ನಿರ್ಮಿಸುತ್ತಾರೆ. ಉಗ್ರಾದಿತ್ಯನ ಪಕ್ಷದವರಿಗೂ ಹೀಗೆ ನಿರ್ಮಿಸಿದ ಅನ್ನಾಂಗದಲ್ಲಿ ಆಕ್ಷೇಪವಿರಲಾರದು.

ಹೊಲದ ಬದುವಿನಲ್ಲಿಯೇ ಸೊಪ್ಪು ಬೆಳೆಯುವಾಗ ದ್ರವವೇಕೆ ಎಂಬುದು ಎರಡನೆಯ ಶಂಕೆ. ಜೋಳದ ರೊಟ್ಟಿ, ತೊಗರಿಯ ಬೇಳೆಗಳು ಬಲವನ್ನು ಕೊಡುತ್ತವೆಯಾದರೂ ಅವುಗಳಲ್ಲಿ ಈ ಅನ್ನಾಂಗವು ಅತ್ಯಲ್ಪ. ಸೊಪ್ಪಿನ ಕ್ಯಾರೊಟೀನು ಹನ್ನೆರಡು ಭಾಗ ಸೇರಿದರೆ ದೇಹಕ್ಕೆ ದಕ್ಕುವ ಅನ್ನಾಂಗವು ಸುಮಾರು ಒಂದು ಭಾಗ. ಎರಡು ವರ್ಷದ ಮಗುವು ಉಣ್ಣುವ ಸೊಪ್ಪಾದರೋ ಎಷ್ಟು? ಮೇಲಾಗಿ ದಡಾರವೂ ಭೇದಿಯೂ ಬಂದಾಗ ಉಗ್ರಾಣವು ಬೇಗ ಬರಿದಾಗುತ್ತದೆ. ಅಂತಹ ಸಮಯಕ್ಕೆ ಈ ದ್ರವವು ಆಪದ್ಧನ.

ಇದರಿಂದ ಶಿಶುಮರಣವೂ ತಗ್ಗುವುದೇ ಎಂಬುದು ಮೂರನೆಯ ಪ್ರಶ್ನೆ. ಇಲ್ಲಿ ಪ್ರಮಾಣಗಳು ಏಕರೂಪವಾಗಿಲ್ಲ. ಇಂಡೋನೇಶಿಯದ ಆಚೆ ಪ್ರಾಂತದ ಪರೀಕ್ಷೆಯಲ್ಲಿ ಮರಣಗಳು ನೂರಕ್ಕೆ ೩೪ರಷ್ಟು ಇಳಿದುವೆಂದು ೧೯೮೬ರಲ್ಲಿ ಪ್ರಕಟವಾಯಿತು. ಉತ್ತರ ಭಾರತದ ಸುಮಾರು ಹತ್ತು ಲಕ್ಷ ಮಕ್ಕಳ ಪರೀಕ್ಷೆಯಲ್ಲಿ ಗಣ್ಯವಾದ ಇಳಿಕೆಯು ಕಾಣಲಿಲ್ಲವೆಂದು ೨೦೧೩ರಲ್ಲಿ ಪ್ರಕಟವಾಯಿತು. ಕೊರತೆಯು ಹೆಚ್ಚಾಗಿದ್ದಲ್ಲಿ ಫಲವೂ ಹೆಚ್ಚೆಂದು ಕೆಲವರು ಇದಕ್ಕೆ ಸಮನ್ವಯ ಹೇಳುತ್ತಾರೆ. ಕಣ್ಣಿನ ವಿಷಯದಲ್ಲಿ ಮಾತ್ರ ವಿವಾದವಿಲ್ಲ.

ಒಟ್ಟಿನಲ್ಲಿ ಸಿದ್ಧಾಂತವಿಷ್ಟು: ದ್ರವವು ಅನ್ನಕ್ಕೆ ಪ್ರತಿನಿಧಿಯಲ್ಲ. ಅದು ತುಂಬುವುದು ಒಂದೇ ಕೊರತೆಯನ್ನು. ರಕ್ತಹೀನತೆಗೆ ಬೇಕಾದ ಕಬ್ಬಿಣವು ಅದರಲ್ಲಿಲ್ಲ, ಹಸಿವೆಗೆ ಅದು ಮದ್ದಲ್ಲ. ಐದು ವರ್ಷ ಕಳೆದ ಮೇಲೆ ಚಮಚವು ನಿಲ್ಲುತ್ತದೆ. ಕಣ್ಣಿನ ವೆಚ್ಚವು ನಿಲ್ಲುವುದಿಲ್ಲ. ಆ ವೇಳೆಗೆ ಮಗುವಿನ ತಟ್ಟೆಯಲ್ಲಿ ರೊಟ್ಟಿಯ ಜೊತೆಗೆ ಮೆಂತ್ಯ, ಪುಂಡಿ, ರಾಜಗಿರಿ, ನುಗ್ಗೆ ಇವುಗಳಲ್ಲೊಂದು ಪಲ್ಯವೂ, ಅದು ಮೈಗೆ ಹತ್ತುವಷ್ಟು ಕುಸುಬಿಯ ಇಲ್ಲವೆ ಶೇಂಗಾ ಎಣ್ಣೆಯೂ, ದೊರೆತಷ್ಟು ಹಾಲೂ, ಕಾಲಕಾಲಕ್ಕೆ ಪರಂಗಿ, ಮಾವುಗಳೂ ರೂಢಿಯಾಗಿರಬೇಕು. ಒಂಬತ್ತು ಚಮಚಗಳನ್ನು ತಪ್ಪಿಸದೆ ಕುಡಿಸುವುದೂ ಈ ರೂಢಿಯನ್ನು ಹಾಕಿಕೊಡುವುದೂ ಒಂದೇ ಕರ್ತವ್ಯದ ಎರಡು ಭಾಗಗಳೆಂದು ತಿಳಿಯಬೇಕು.