ಒಬ್ಬರೇ, ಒಂದೇ ಬ್ಯಾಗು, ಸ್ಪೇನಿನ ಬೇಸಿಗೆ

ಜುಲೈ 7, ಬೆಳಗ್ಗೆ ಸರಿಯಾಗಿ 8 ಗಂಟೆ. ಪಾಂಪ್ಲೋನಾ ಊರಿನ ಇಕ್ಕಟ್ಟು ಓಣಿಗೆ ಆರು ಹೋರಿಗಳು ನುಗ್ಗುತ್ತವೆ. ಅವುಗಳ ಮುಂದೆ ಬಿಳಿ ಬಟ್ಟೆ ತೊಟ್ಟು, ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡ ಜನ. ಸುಮಾರು 850 ಮೀಟರ್ ಓಟ, ಎರಡು ಮೂರು ನಿಮಿಷದಲ್ಲಿ ಮುಗಿದೇ ಹೋಗುತ್ತೆ. ಇದು ಸಾನ್ ಫೆರ್ಮಿನ್ ಹಬ್ಬ. ಜುಲೈ 14ರವರೆಗೆ ದಿನಾ ಬೆಳಗ್ಗೆ ಇದೇ ಓಟ.

ನೀವು ಮಾತ್ರ ಓಡಬೇಡಿ. 1910ರಿಂದೀಚೆಗೆ ಇಲ್ಲಿ ಕನಿಷ್ಠ 16 ಮಂದಿ ಸತ್ತಿದ್ದಾರೆ. ಓಡಿದ ಹೋರಿಗಳೂ ಉಳಿಯಲ್ಲ, ಸಂಜೆ ಅಖಾಡದಲ್ಲಿ ಅವನ್ನು ಕೊಲ್ಲುತ್ತಾರೆ. ನನಗಂತೂ ಈ ಭಾಗ ಹಿಡಿಸಲ್ಲ.

ಹಬ್ಬದ ವಾರ ಪಾಂಪ್ಲೋನಾದಲ್ಲಿ ಹಾಸ್ಟೆಲ್ ಬಲು ದುಬಾರಿ. ಬಸ್ ಹತ್ತಿ ಸಾನ್ ಸೆಬಾಸ್ಟಿಯನ್‌ಗೆ ಬನ್ನಿ. ಊರ ನಡುವೆಯೇ ಲಾ ಕೊಂಚಾ ಕಡಲತೀರ. ಈಜಿ ಬಂದು, ಹಳೇ ಪೇಟೆಯ ಬಾರ್‌ನಲ್ಲಿ ನಿಂತುಕೊಂಡೇ ಪಿಂಚೋಸ್ ಅನ್ನೋ ಪುಟ್ಟ ತಿಂಡಿಗಳನ್ನು ತಿನ್ನಿ. ಒಬ್ಬರೇ ಬಂದವರಿಗೆ ಇದಕ್ಕಿಂತ ಒಳ್ಳೇ ಊಟದ ಪದ್ಧತಿ ಇಲ್ಲ: ಟೇಬಲ್ಲೂ ಬೇಡ, ಜೊತೆಗಾರರೂ ಬೇಡ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ, ಹಂದಿಮಾಂಸ ಎಲ್ಲೆಲ್ಲೂ ಇರುತ್ತೆ.

ಅಲ್ಲಿಂದ ಮ್ಯಾಡ್ರಿಡ್‌ಗೆ ಹೋದರೆ, ಪ್ರಾಡೊ ಕಲಾ ಮ್ಯೂಸಿಯಂ ಸೋಮವಾರದಿಂದ ಶನಿವಾರ ಸಂಜೆ 6ರಿಂದ 8 ಉಚಿತ. ಮುಂದೆ ಸೆವಿಯಾಗೆ ಹೋದರೆ, ಅಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತೆ. ಮಧ್ಯಾಹ್ನ ಮಲಗಿ, ರಾತ್ರಿ ತಿರುಗಿ.

ಆಗಸ್ಟ್ ಕೊನೆಯ ಬುಧವಾರ ವೆಲೆನ್ಸಿಯಾ ಬಳಿಯ ಬುನ್ಯೋಲ್‌ನಲ್ಲಿ ಟೊಮೆಟೊ ಕಾಳಗ. ಆಡೋದು ಒಂದೇ ಗಂಟೆ. 2013ರಿಂದ ಟಿಕೆಟ್ ಕಡ್ಡಾಯ.

ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಗೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಜುಲೈಗೆ ಹೊರಡುವವರು ಜನವರಿಯಲ್ಲೇ ಕಾಗದಪತ್ರ ಜೋಡಿಸಿಕೊಳ್ಳಿ.