ಮತದಾನದ ಮಸಿ: ಬೆಳವಣಿಗೆ ಎಷ್ಟು, ಬೆಳ್ಳಿ ಎಷ್ಟು?

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭಗೊಂಡ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್, 1962ರ ಮಹಾಚುನಾವಣೆಯಿಂದ ಅಳಿಸಲಾಗದ ಮಸಿಯನ್ನು ಪೂರೈಸುತ್ತಿದೆ. ಸೂತ್ರವು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು; ಮುಖ್ಯ ದ್ರವ್ಯ ಸಿಲ್ವರ್ ನೈಟ್ರೇಟ್. ಅದು ಚರ್ಮದ ಲವಣದೊಡನೆ ಕೂಡಿ ಬೆಳಕಿಗೆ ಕಪ್ಪಾಗುತ್ತದೆ. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಈ ಮಸಿ ರಫ್ತಾಗಿದೆ.

ವರ್ತಕರು ಗಮನಿಸಬೇಕಾದ ಅಂಶ ಬೇರೆ. 2019ರ ಲೋಕಸಭಾ ಚುನಾವಣೆಗೆ ಸುಮಾರು 26 ಲಕ್ಷ ಸೀಸೆಗಳ ಬೇಡಿಕೆಯ ಮೌಲ್ಯ ಸುಮಾರು 33 ಕೋಟಿ ರೂಪಾಯಿ. 2024ರಲ್ಲಿ ಸುಮಾರು 26.5 ಲಕ್ಷ ಸೀಸೆಗಳಿಗೆ ಸುಮಾರು 55 ಕೋಟಿ. ಹಣ ಮೂರನೇ ಎರಡು ಭಾಗದಷ್ಟು ಏರಿತು, ಸರಕು ಹೆಚ್ಚೇನೂ ಏರಲಿಲ್ಲ. ಬೆಳ್ಳಿ ತುಟ್ಟಿಯಾದರೆ ಮಸಿಯ ದರವೂ ಏರಬೇಕಾಗುವುದರಿಂದ, ಇಂಥ ಏರಿಕೆಯನ್ನು ಪೂರ್ಣ ಬೆಳವಣಿಗೆಯೆಂದು ಎಣಿಸಲಾಗದು. ಕಚ್ಚಾವಸ್ತುವಿನ ಏರಿಳಿತಕ್ಕೆ ಎಡೆಯಿಲ್ಲದ ಕರಾರಿಗೆ ಒಪ್ಪಿದವನ ಲಾಭವು ಸರಕು ತಲುಪುವ ಮೊದಲೇ ಕರಗಿರುತ್ತದೆ.

ಚುನಾವಣೆ ನಿತ್ಯ ಬರುವುದಿಲ್ಲ, ನಮ್ಮಲ್ಲಿ ಹಾಗೆನಿಸಿದರೂ. ಆದ್ದರಿಂದ ಆ ಸಂಸ್ಥೆ ಬಣ್ಣ, ವಾರ್ನಿಷ್, ಅರಗುಗಳನ್ನು ಕೈಬಿಟ್ಟಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಬೆಮೆಲ್ ಒಂದನ್ನೇ ನೆಚ್ಚಿರುವ ನಮ್ಮ ಬಿಡಿಭಾಗ ತಯಾರಕರು ಮುಂದಿನ ಕರಾರಿನಲ್ಲಿ ಉಕ್ಕಿನ ದರ ಪರಿಷ್ಕರಣೆಯ ಕಲಮನ್ನು ಮೊದಲು ಓದುವುದು ಲೇಸು. ಇಲ್ಲದಿದ್ದಲ್ಲಿ ಕೇಳಿ ಸೇರಿಸಿಕೊಳ್ಳತಕ್ಕದ್ದು.