ಚಾರ್ಮಾಡಿ ಇಳಿಯುವಾಗ ಬ್ರೇಕ್ ಹೋಯಿತು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕಾರು ಹತ್ತುವಾಗ ಗಂಟೆ ನಾಲ್ಕು ದಾಟಿತ್ತು. ಮೂಡಿಗೆರೆಯ ತಂಗಿಯ ಮನೆಯಿಂದ ವಾಪಸ್ ಬರುತ್ತಿದ್ದೆವು. ನನ್ನ ಪಕ್ಕದಲ್ಲಿ ಉಮ್ಮ, ಹಿಂದೆ ಹೆಂಡತಿ, ಮೂವರು ಮಕ್ಕಳು. ಡಿಕ್ಕಿಯಲ್ಲಿ ತಂಗಿ ತುಂಬಿಸಿ ಕೊಟ್ಟ ಎರಡು ಬಾಳೆಗೊನೆ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರಿಗೆ ಅಷ್ಟೇ ಸಾಕಷ್ಟು ಭಾರ.

ಘಾಟಿ ಇಳಿಯುವಾಗ ಗಿಯರನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವುದು ನನ್ನ ಹಳೆಯ ಚಾಳಿ. ಪೆಟ್ರೋಲ್ ಉಳಿಯುತ್ತದಲ್ಲ ಎಂಬ ಲೆಕ್ಕ. ನಮ್ಮಲ್ಲಿ ಎಷ್ಟೋ ಜನ ಹೀಗೆಯೇ ಇಳಿಸುತ್ತಾರೆ. ಆ ಲೆಕ್ಕವೇ ತಪ್ಪು ಎಂದು ನನಗೆ ಗೊತ್ತಾದದ್ದು ಆಮೇಲೆ. ಈಗಿನ ಪೆಟ್ರೋಲ್ ಕಾರುಗಳು ಗಿಯರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಎಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಓಡುತ್ತಿರಲು ಕುಡಿಯುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಗಾಡಿಯ ಇಡೀ ಭಾರ ಬ್ರೇಕಿನ ಮೇಲೆ.

ನಾಲ್ಕೈದು ತಿರುವು ದಾಟುವಾಗ ಸುಟ್ಟ ವಾಸನೆ ಬಂತು. ಮುಂದೆ ಹೋಗುವ ಲಾರಿಯದ್ದಿರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಗಾಡಿ ನಿಧಾನವಾಗಲಿಲ್ಲ. ಉಮ್ಮ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ.

ಪೆಡಲನ್ನು ಬೇಗ ಬೇಗ ಐದಾರು ಸಲ ತುಳಿದಾಗ ಸ್ವಲ್ಪ ಹಿಡಿಯಿತು. ಮೂರನೇ ಗಿಯರ್, ಎಂಜಿನ್ ಕಿರುಚುತ್ತಿದ್ದರೂ ಎರಡನೆಯದು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಬಂದೆ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರಿ ಗಾಡಿ ತಿರುಗುತ್ತದೆ. ಗಾಬರಿಯಲ್ಲಿ ಕೀ ತಿರುಗಿಸಿ ಎಂಜಿನ್ ಬಂದ್ ಮಾಡುವವರೂ ಇದ್ದಾರೆ, ಅದನ್ನು ಮಾತ್ರ ಮಾಡಬಾರದು. ಪವರ್ ಸ್ಟೇರಿಂಗ್ ಗಟ್ಟಿಯಾಗುತ್ತದೆ, ಕೀ ಹೊರಗೆ ಬಂದರಂತೂ ಸ್ಟೇರಿಂಗೇ ಲಾಕ್. ಕೊನೆಗೆ ಗುಡ್ಡದ ಬದಿಯ ಮಣ್ಣಿಗೆ ಉಜ್ಜಿಕೊಂಡು ಗಾಡಿ ನಿಂತಿತು. ಸಣ್ಣವನು ಆಗ ಅಳಲು ಶುರುಮಾಡಿದ.

ಬಾಟಲಿಯ ನೀರನ್ನು ಚಕ್ರಕ್ಕೆ ಹೊಯ್ಯಲು ಹೊರಟಿದ್ದೆ. ಹಿಂದೆ ಬಂದ ತರಕಾರಿ ಪಿಕಪ್‌ನ ಡ್ರೈವರ್ ಇಳಿದು, "ಸಾಬ್ರೇ, ನೀರು ಹಾಕ್ಬೇಡಿ, ಡಿಸ್ಕ್ ಹಾಳಾಗ್ತದೆ. ತನ್ನಿಂದ ತಾನೇ ತಣ್ಣಗಾಗ್ಲಿ" ಎಂದರು. ಅರ್ಧ ಗಂಟೆ ಕಳೆದು ಒತ್ತಿ ನೋಡಿದರೆ ಪೆಡಲ್ ಮೊದಲಿನಂತೆ ಗಟ್ಟಿ! ಸರಿಯಾಯಿತಲ್ಲ, ಹೊರಡುವಾ ಎಂದೆ. ಅವರು ಬಿಡಲಿಲ್ಲ. "ಮನೆಯವರನ್ನು ಕೂರಿಸ್ಕೊಂಡು ಇನ್ನೊಂದು ಸಲ ನೋಡ್ತೀರಾ?" ಎಂದು ಕೇಳಿದರು. ಉಮ್ಮನನ್ನೂ ಸಣ್ಣವನನ್ನೂ ತಮ್ಮ ಗಾಡಿಯಲ್ಲಿ ಚಾರ್ಮಾಡಿಗೆ ಬಿಟ್ಟು, ಅಲ್ಲಿಂದ ಒಬ್ಬ ಮೆಕ್ಯಾನಿಕ್‌ನನ್ನು ಕಳಿಸಿದರು. ಅವರ ಹೆಸರು ಕೇಳಲು ನನಗೆ ನೆನಪಾಗಲಿಲ್ಲ.

ಬೈಕಿನಲ್ಲಿ ಬಂದ ಮೆಕ್ಯಾನಿಕ್ ನಮ್ಮವನೇ ಹುಡುಗ. ಬ್ರೇಕ್ ಆಯಿಲ್‌ನ ಮುಚ್ಚಳ ತೆರೆದು ಟಾರ್ಚ್ ಹಾಕಿದ. ಎಳೆ ಹಳದಿ ಇರಬೇಕಾದ ಆಯಿಲ್ ಕಟ್ಟನ್ ಚಾಯದ ಬಣ್ಣ. "ಉಸ್ತಾದ್, ಇದನ್ನು ಯಾವಾಗ ಬದಲಿಸಿದ್ದು?" ನನ್ನಲ್ಲಿ ಉತ್ತರವಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದಂತೆ. ನಮ್ಮ ಕರಾವಳಿಯ ಹವೆ ಕೇಳಬೇಕೇ? ನೀರು ಸೇರಿದ ಆಯಿಲ್ ಬಿಸಿಗೆ ಬೇಗ ಕುದಿದು ಪೈಪಿನೊಳಗೆ ಆವಿಯಾಗುತ್ತದೆ. ಆಯಿಲ್ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಆವಿ ಮುಟ್ಟಿಸುವುದಿಲ್ಲ. ತಣ್ಣಗಾದ ಮೇಲೆ ಪೆಡಲ್ ಗಟ್ಟಿಯಾದದ್ದು ಹಾಗೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆ ಆಯಿಲ್‌ಗೆ ನಾನು ಕೊಟ್ಟದ್ದು 400 ರೂಪಾಯಿ. ಕಾರು ತೆಗೆದ ವಾರವೇ ಸೀಟ್ ಕವರಿಗೆ 4,500, ಹಿಂದಿನ ಗ್ಲಾಸಿನ ಸ್ಟಿಕ್ಕರಿಗೆ ಬೇರೆ ಖರ್ಚು ಮಾಡಿದವನು ನಾನೇ.

ಮರುದಿನ ದೊಡ್ಡ ವರ್ಕ್‌ಶಾಪೊಂದರಲ್ಲಿ ಕೇಳಿದರೆ 23,000 ರೂಪಾಯಿಯ ಪಟ್ಟಿ ಕೊಟ್ಟರು. ಮಾಸ್ಟರ್ ಸಿಲಿಂಡರ್, ಡಿಸ್ಕ್, ಕ್ಯಾಲಿಪರ್ ಎಲ್ಲವೂ ಹೊಸತು. ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಅದೇ ಹುಡುಗ ನಾಲ್ಕೂ ಚಕ್ರ ಬಿಚ್ಚಿ ನನ್ನೆದುರೇ ತೋರಿಸಿದ. ಮುಂದಿನ ಪ್ಯಾಡ್ ಸವೆದು ಕಬ್ಬಿಣ ಕಾಣುತ್ತಿತ್ತು. ಹಿಂದಿನ ವೀಲ್ ಸಿಲಿಂಡರ್‌ಗಳು ಲೀಕ್. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸರಿಯಿದ್ದವು. ಡಿಸ್ಕನ್ನು ಅಳೆದು ನೋಡಿ, ಲೇತ್‌ನಲ್ಲಿ ಹಿಡಿಸಿದರೆ ಸಾಕು ಎಂದ. ವೀಲ್ ಸಿಲಿಂಡರ್‌ಗೆ ಬರೀ ರಬ್ಬರ್ ಕಿಟ್ ಹಾಕಿದರೆ ಆಗುವುದಿಲ್ಲವೇ ಎಂದು ನಾನು ಚೌಕಾಸಿ ಮಾಡಿದೆ. ಒಳಗೆ ತುಕ್ಕು ಹಿಡಿದದ್ದನ್ನು ಬೆರಳಿನಿಂದ ಮುಟ್ಟಿಸಿದ, ಸುಮ್ಮನಾದೆ.

ಟೋಯಿಂಗ್ 3,000, ಪ್ಯಾಡ್ 1,700, ಹಿಂದಿನ ಬ್ರೇಕ್ ಶೂ 1,300, ಎರಡು ವೀಲ್ ಸಿಲಿಂಡರ್ 1,200, ಲೇತ್ 800, ಆಯಿಲ್ 400, ಕೂಲಿ 1,600. ಒಟ್ಟು ಹತ್ತು ಸಾವಿರ. ಇನ್ಶೂರೆನ್ಸ್ ಉಂಟಲ್ಲ ಎಂದು ಕೆಲವರು ಕೇಳಿದರು. ಸವೆದು ಹೋದ ಭಾಗಕ್ಕೆ ಇನ್ಶೂರೆನ್ಸ್ ಸಿಗುವುದಿಲ್ಲ. ರಸ್ತೆಯಲ್ಲಿ ನಿಂತ ಗಾಡಿಯನ್ನು ಎಳೆಸಿಕೊಡುವ ಸೌಲಭ್ಯವನ್ನು ಬೇರೆ ಹಣ ಕೊಟ್ಟು ಸೇರಿಸಿಕೊಳ್ಳಬಹುದಿತ್ತು. ನವೀಕರಿಸುವಾಗ ಅದು ಬೇಡ ಎಂದು ನಾನೇ ಹೇಳಿದ್ದೆ.

ಕೈಯಲ್ಲಿದ್ದದ್ದು ದೊಡ್ಡ ಮಗಳ ಪಿಯುಸಿ ಫೀಸಿಗೆಂದು ತೆಗೆದಿಟ್ಟ ಹಣ. ಸಾಲ ಕೇಳುವುದಕ್ಕಿಂತ ಅದನ್ನೇ ತೆಗೆಯುವಾ ಎಂದು ಅವಳೇ ಹೇಳಿದಳು. ಅವಳೂ ಆ ಕಾರಿನಲ್ಲಿದ್ದವಳು. ಕಾಲೇಜಿಗೆ ಹೋಗಿ ಕೇಳಿಕೊಂಡೆ, ಎರಡು ಕಂತಿನಲ್ಲಿ ಕಟ್ಟಲು ಒಪ್ಪಿದರು.

ಹಳೆಯ ಪ್ಯಾಡ್‌ಗಳನ್ನು ಹುಡುಗನಿಂದ ಕೇಳಿ ತಂದು ಜಗಲಿಯ ಕಿಟಕಿಯಲ್ಲಿಟ್ಟಿದ್ದೇನೆ. ಮೊನ್ನೆ ನೆರೆಮನೆಯ ಕಾಕ ಮದುವೆಗೆಂದು ಕಾರು ಕೇಳಲು ಬಂದವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಎಷ್ಟು ಜನ ಹೋಗುವುದು ಕಾಕ?" ಎಂದು ಕೇಳಿದೆ. ಎಂಟು ಎಂದರು. ಐವರಾದರೆ ಕೊಡುತ್ತೇನೆ ಎಂದೆ. ಕಾಕನಿಗೆ ಬೇಸರವಾಗಿದೆ. ಎರಡನೇ ಕಂತಿಗೆ ಇನ್ನು ಮೂರು ವಾರ ಉಂಟು, ಅಲ್ಲಿಯವರೆಗೆ ಮದ್ರಸಕ್ಕೆ ನನ್ನದು ಬಸ್ಸು.